ಉಸಿರಿನ ದಾರಿಯಲ್ಲೇ ಮದ್ದು: ಧಾರವಾಡ ಸೀಮೆಯ ದಮ್ಮಿನ ಹಿನ್ನೋಟ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಅಸ್ತಮಾಕ್ಕೆ ದಮ್ಮು ಎಂದೇ ಹೆಸರು. "ದಮ್ಮು ಹತ್ತೇತಿ" ಎಂದು ರೋಗಿಯನ್ನು ದವಾಖಾನೆಗೆ ಕರೆತಂದ ಮನೆಯವರು ವೈದ್ಯರನ್ನು ಮೊದಲು ಕೇಳುವುದು ಸೂಜಿಯನ್ನು, ಆಮೇಲೆ ಗುಳಿಗೆಯನ್ನು. ಬಾಯಿಗೆ ಹಿಡಿದು ಎಳೆದುಕೊಳ್ಳುವ ಇನ್ಹೇಲರ್ ಬರೆದುಕೊಟ್ಟರೆ ಮುಖ ಸಪ್ಪಗಾಗುತ್ತದೆ. ಒಮ್ಮೆ ಹಚ್ಚಿಕೊಂಡರೆ ಅದು ಚಟವಾಗುತ್ತದೆ, ಕೈ ಮೀರಿದವರಿಗೆ ಕೊಡುವ ಕಡೆಯ ಮದ್ದು ಅದು, ಪರದೇಶದಿಂದ ಬಂದ ಪೇಟೆಯವರ ಸಾಮಾನು ಅದು ಎಂಬ ಮಾತುಗಳು ನವಲಗುಂದದಿಂದ ಕಲಘಟಗಿಯವರೆಗೆ ಒಂದೇ ತೆರನಾಗಿ ಕೇಳುತ್ತವೆ. ಇವುಗಳಲ್ಲಿ ಕಡೆಯ ಮಾತು ಚರಿತ್ರೆಗೆ ಸಂಬಂಧಿಸಿದ್ದು. ಚರಿತ್ರೆ ಅದನ್ನು ಒಪ್ಪುವುದಿಲ್ಲ. ಉಸಿರಾಟದ ಬೇನೆಗೆ ಉಸಿರಿನ ಮೂಲಕವೇ ಮದ್ದು ಕೊಡುವ ಕ್ರಮ ಈ ನೆಲದ್ದು. ಸೂಜಿ ಮತ್ತು ಗುಳಿಗೆಯ ಕಾಲವೇ ನಡುವೆ ಬಂದದ್ದು. ಈ ಸೀಮೆಯ ಧೂಳು, ಹೊಗೆ ಮತ್ತು ಮದ್ದುಗಳ ಹಿಂದಿನ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಇನ್ಹೇಲರ್ ನಮ್ಮ ಹಳೆಯ ತಿಳಿವಳಿಕೆಯ ಮುಂದುವರಿಕೆಯೇ ಹೌದು ಎಂಬುದು ಗೊತ್ತಾಗುತ್ತದೆ.

ದಮ್ಮು ಹತ್ತಿದಾಗ ಮೈಯಲ್ಲಿ ಆಗುವುದೇನು ಎಂಬುದರಿಂದ ಶುರು ಮಾಡಬೇಕು. ಅದು ಹೆಚ್ಚಾಗಿ ಕಾಡುವುದು ನಸುಕಿನಲ್ಲಿ, ಕೋಳಿ ಕೂಗುವ ಮುಂಚಿನ ಹೊತ್ತಿನಲ್ಲಿ. ಮೊದಲು ಗಂಟಲಲ್ಲಿ ಕೆರೆತ, ಒಣ ಕೆಮ್ಮು. ಆಮೇಲೆ ಎದೆಯ ಸುತ್ತ ಹಗ್ಗ ಬಿಗಿದ ಹಾಗೆ ಆಗುತ್ತದೆ. ಮಲಗಲಾಗುವುದಿಲ್ಲ. ರೋಗಿ ಎದ್ದು ಕೂತು, ಮುಂದಕ್ಕೆ ಬಾಗಿ, ಎರಡೂ ಕೈಯನ್ನು ಮೊಳಕಾಲಿಗೋ ಹೊರಸಿನ ಅಂಚಿಗೋ ಊರುತ್ತಾನೆ. ಭುಜ ಮೇಲೇಳುತ್ತವೆ, ಕೊರಳ ನರ ಉಬ್ಬುತ್ತವೆ, ಹಣೆಯಲ್ಲಿ ಬೆವರೊಡೆಯುತ್ತದೆ. ನೋಡುವವರಿಗೆ ಈತನಿಗೆ ಗಾಳಿ ಸಾಲುತ್ತಿಲ್ಲ ಅನಿಸುತ್ತದೆ. ಮನೆಯವರು ಬೀಸಣಿಗೆ ಹಿಡಿದು ಗಾಳಿ ಹಾಕುತ್ತಾರೆ. ಆದರೆ ದೊಡ್ಡ ಸಂಕಟ ಇರುವುದು ಒಳಗೆ ಹೋದ ಗಾಳಿಯನ್ನು ಹೊರಗೆ ಬಿಡುವುದರಲ್ಲಿ. ಉಸಿರು ಬಿಡುವಾಗಲೇ ಸುಂಯ್‌ಗುಟ್ಟುವ ಸದ್ದು ಹೆಚ್ಚು. ಹಳೆಯ ಗಾಳಿ ಎದೆಯಲ್ಲೇ ಉಳಿದುಬಿಡುವುದರಿಂದ ಹೊಸ ಗಾಳಿಗೆ ಎಡೆ ಇರುವುದಿಲ್ಲ. ಒಂದು ಪೂರ್ತಿ ಮಾತು ಆಡಲಾಗದೆ ಎರಡೆರಡು ಶಬ್ದಕ್ಕೆ ನಿಲ್ಲಬೇಕಾಗುತ್ತದೆ. ಇದರ ಜೊತೆಗೆ ಸತ್ತೇ ಹೋಗುತ್ತೇನೆ ಎಂಬ ಅಂಜಿಕೆ. ಈ ಅಂಜಿಕೆ ಮನಸ್ಸಿನ ದೌರ್ಬಲ್ಯದಿಂದ ಬಂದದ್ದಲ್ಲ, ಉಸಿರು ಕಟ್ಟಿದ ದೇಹ ಕೊಡುವ ಎಚ್ಚರಿಕೆ.

ಒಳಗಿನ ಕೆಲಸ ಮೂರು ಬಗೆಯದು. ಶ್ವಾಸನಾಳಗಳ ಸುತ್ತ ಇರುವ ಸ್ನಾಯು ಬಿಗಿಯುತ್ತದೆ, ನಾಳದ ಒಳಪದರ ಊದಿಕೊಳ್ಳುತ್ತದೆ, ಅಂಟಂಟಾದ ಕಫ ದಾರಿಗೆ ಅಡ್ಡ ನಿಲ್ಲುತ್ತದೆ. ಬಿಗಿತ ನಿಮಿಷಗಳಲ್ಲಿ ಬಂದು ನಿಮಿಷಗಳಲ್ಲಿ ಸಡಿಲಾಗಬಲ್ಲದು. ಊತ ಮಾತ್ರ ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತದೆ. ಈ ವ್ಯತ್ಯಾಸವನ್ನು ನೆನಪಿಡಬೇಕು, ಏಕೆಂದರೆ ಮುಂದಿನ ಎಲ್ಲ ಮದ್ದುಗಳ ಗುಣದೋಷ ಇದರ ಮೇಲೆಯೇ ನಿಂತಿದೆ. ಉಸಿರು ಸಲೀಸಾಯಿತೆಂದರೆ ಬಿಗಿತ ಹೋಯಿತು ಎಂದಷ್ಟೇ ಅರ್ಥ. ಊತ ಒಳಗೇ ಇದ್ದರೆ ಮುಂದಿನ ಧೂಳಿಗೆ, ಮುಂದಿನ ನೆಗಡಿಗೆ, ಮುಂದಿನ ಮೋಡಕ್ಕೆ ದಮ್ಮು ಮತ್ತೆ ಏಳುತ್ತದೆ.

ಇದೆಲ್ಲ ಈಚಿನ ಬೇನೆ, ರಾಸಾಯನಿಕ ಗೊಬ್ಬರ ಮತ್ತು ಮೋಟಾರು ಹೊಗೆ ತಂದದ್ದು, ಹಿರಿಯರ ಕಾಲದಲ್ಲಿ ಇರಲಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೇ ಅಧ್ಯಾಯ ಇರುವುದೇ ಬಿಕ್ಕಳಿಕೆ ಮತ್ತು ಶ್ವಾಸದ ರೋಗಗಳಿಗಾಗಿ. ಅಲ್ಲಿ ಹೇಳಿರುವ ಐದು ಬಗೆಯ ಶ್ವಾಸಗಳಲ್ಲಿ ತಮಕ ಶ್ವಾಸದ ವರ್ಣನೆ ಇಂದಿನ ಅಸ್ತಮಾಕ್ಕೆ ತೀರ ಹತ್ತಿರದ್ದು: ಗಂಟಲಲ್ಲಿ ಗುರುಗುರು ಸದ್ದು, ಮಲಗಿದರೆ ಹೆಚ್ಚುವ, ಕೂತರೆ ಕಡಿಮೆಯಾಗುವ ಸಂಕಟ, ಹಣೆಯ ಬೆವರು, ಬಿಸಿಯ ಬಯಕೆ, ಮೋಡ, ಮಳೆ, ಥಂಡಿ ಮತ್ತು ಮೂಡಣ ಗಾಳಿಗೆ ಕೆರಳುವ ಗುಣ. ಶತಮಾನಗಳ ಹಿಂದೆಯೇ ರೋಗಿಯ ಹಾಸಿಗೆಯ ಪಕ್ಕ ಕೂತು ನೋಡಿದವರು ಮಾತ್ರ ಹೀಗೆ ಬರೆಯಬಲ್ಲರು. ಅದೇ ಗ್ರಂಥ ಈ ತಮಕ ಶ್ವಾಸವನ್ನು ಯಾಪ್ಯ ಎಂದು ಕರೆಯುತ್ತದೆ, ಅಂದರೆ ಚಿಕಿತ್ಸೆಯಿಂದ ಹತೋಟಿಯಲ್ಲಿ ಇಟ್ಟುಕೊಳ್ಳಬೇಕಾದ ರೋಗ. ಹೊಸದಾಗಿ ಹತ್ತಿದ್ದಾದರೆ ವಾಸಿಯಾದೀತು ಎಂದೂ ಹೇಳುತ್ತದೆ. ಬೇರುಸಹಿತ ಕಿತ್ತು ಹಾಕುತ್ತೇವೆಂದು ಜಾಹೀರಾತು ಕೊಡುವ ಇಂದಿನ ಎಷ್ಟೋ ಮಂದಿಗಿಂತ ಆ ಹಳೆಯ ವೈದ್ಯರು ಪ್ರಾಮಾಣಿಕರು. ಇನ್ನೂ ಮುಖ್ಯವಾದದ್ದು ಅದೇ ಅಧ್ಯಾಯದ ಧೂಮಪಾನ ವಿಧಾನ. ಅರಿಶಿನ, ಔಡಲದ ಬೇರು, ಅರಗು, ದೇವದಾರು ಮೊದಲಾದವನ್ನು ಅರೆದು ಬತ್ತಿ ಮಾಡಿ, ತುಪ್ಪ ಸವರಿ, ಅದರ ಹೊಗೆಯನ್ನು ಎಳೆದುಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ಮದ್ದು ಹೊಟ್ಟೆಯ ದಾರಿ ಬಿಟ್ಟು ಎದೆಯ ದಾರಿ ಹಿಡಿಯಬೇಕು ಎಂಬ ವಿಚಾರ ಅಷ್ಟು ಹಿಂದಿನದು.

ಬೇನೆ ಹಳೆಯದಾದರೂ ಅದನ್ನು ಕೆರಳಿಸುವ ಸಂಗತಿಗಳು ಆಯಾ ಸೀಮೆಯ ನೆಲ, ಬೆಳೆ, ಮನೆಗಳಿಗೆ ತಕ್ಕಂತೆ ಬೇರೆಯಾಗುತ್ತವೆ. ಧಾರವಾಡ ಜಿಲ್ಲೆ ಚಿಕ್ಕದಾದರೂ ಅದರೊಳಗೆ ಎರಡು ಲೋಕಗಳಿವೆ. ಪಡುವಣದ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆ, ಹಂಚಿನ ಮಾಡು, ಉರುವಲಿಗೆ ಕಾಡಿನ ಕಟ್ಟಿಗೆ, ಗೋಡೆಗೆ ತೇವ, ತೇವಕ್ಕೆ ಬೂಷ್ಟು. ಮೂಡಣದ ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಬಹುಭಾಗ ಎರಿ ಭೂಮಿ. ಕಣ್ಣು ಹಾಯುವಷ್ಟು ದೂರ ಮರವಿಲ್ಲದ ಬಯಲು. ಮರವಿಲ್ಲದ ಕಡೆ ಒಲೆಗೆ ಹಾಕುವುದೇನು? ಸಗಣಿಯ ಕುಳ್ಳು ಮತ್ತು ಕಿತ್ತ ಹತ್ತಿಗಿಡದ ಕಟ್ಟಿಗೆ. ಉರುವಲುಗಳಲ್ಲಿ ಕುಳ್ಳಿನ ಹೊಗೆ ಬಲು ದಟ್ಟ. ಎರಿ ಸೀಮೆಯ ಹಳೆಯ ಮನೆಯ ಮಣ್ಣಿನ ಮಾಳಿಗೆಯಲ್ಲಿ ಆ ಹೊಗೆ ಹೊರಬೀಳಲು ಇದ್ದದ್ದು ಮೇಲಿನ ಒಂದು ಬೆಳಕಿಂಡಿ ಮಾತ್ರ. ಒಂದೇ ಸೂರಿನ ಕೆಳಗೆ ದನ, ಅವುಗಳ ಮೇವಿನ ಹೊಟ್ಟು, ಕಾಳಿನ ಚೀಲ, ಒಲೆ ಎಲ್ಲವೂ. ಕಾಳು ಕಾಯಲು ಅಂಗಳದಲ್ಲೋ ಬಯಲಲ್ಲೋ ತೋಡುತ್ತಿದ್ದ ಹಗೇವು ಎಂಬ ನೆಲದ ಕಣಜವೂ ಈ ಲೆಕ್ಕಕ್ಕೆ ಸೇರಬೇಕು. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೊರಹೋಗಲಿ ಎಂದು ಬಾಯಿ ತೆರೆದು ಬಿಡಬೇಕು ಎಂಬ ಕಟ್ಟುಪಾಡು ಹಳ್ಳಿಗಳಲ್ಲಿ ಇತ್ತು. ಮುಗ್ಗಿದ ಕಾಳಿನ ಬೂಷ್ಟಿನ ಧೂಳು ಎದೆಗೆ ಆಗದು, ಕಟ್ಟಿದ ಗಾಳಿ ಜೀವಕ್ಕೇ ಎರವು ಎಂಬುದನ್ನು ಜನ ಅನುಭವದಿಂದ ಅರಿತಿದ್ದರು.

ಎರಿ ಭೂಮಿಯ ದೊಡ್ಡ ಬೆಳೆ ಹತ್ತಿ. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಇಲ್ಲಿನ ನಾಡಹತ್ತಿ ಪರದೇಶದ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು. ಆಗ ಹತ್ತಿಯ ಬೀಜ ಬಿಡಿಸುವ ಕೆಲಸ ಮನೆಯೊಳಗಿನದು, ಹೆಚ್ಚಾಗಿ ಹೆಣ್ಣುಮಕ್ಕಳದು. ಚಪ್ಪಟೆ ಕಲ್ಲಿನ ಮೇಲೆ ಬೀಜದ ಹತ್ತಿ ಹರಡಿ, ಅದರ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿದರೆ ಬೀಜ ಮುಂದಕ್ಕೆ ಸರಿದು ಅರಳೆ ಹಿಂದೆ ಉಳಿಯುತ್ತಿತ್ತು. ದಿನವಿಡೀ ಹಾಗೆ ಕೂತವರ ಸುತ್ತ ನವಿರಾದ ಎಳೆ ಹಾರಾಡುತ್ತಿದ್ದವು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಅಮೆರಿಕದ ಬೀಜ ತರಿಸಿ ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಅಮೆರಿಕದಿಂದ ಬಂದ ಬೆಳೆಗಾರರೇ ಪ್ರಯೋಗದ ಹೊಲ ನಡೆಸಿದರು. ಆ ಹತ್ತಿಯ ಬೀಜ ಬಿಡಿಸಲು ಗರಗಸದ ಯಂತ್ರ ಬೇಕಾಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ ಇಲ್ಲಿನ ಬೆಲೆ ಏರಿತು. 1880ರ ದಶಕದಲ್ಲಿ ಹುಬ್ಬಳ್ಳಿ-ಗದಗ ರೈಲು ಅಣ್ಣಿಗೇರಿಯನ್ನು ಹಾದು ಹೋದ ಮೇಲೆ ಹತ್ತಿಯ ಕೆಲಸ ಮನೆಯಿಂದ ಜಿನ್ನಿಂಗ್ ಕಾರ್ಖಾನೆಗೆ, ಗಿರಣಿಗೆ ಸಾಗಿತು. ಧೂಳು ಅದರ ಬೆನ್ನಿಗೇ ಹೋಯಿತು. ಸೆಣಬು, ನಾರು ಹಿಕ್ಕುವವರ ಕೆಮ್ಮು, ದಮ್ಮುಗಳನ್ನು ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ದಾಖಲಿಸಿದ್ದ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆ ಭಾರತದ ಕಾರ್ಮಿಕ ಕಾನೂನಿನ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಅದು ಅಸ್ತಮಾವೇ ಅಲ್ಲವಾದರೂ, ಎದೆ ಹಿಡಿಸುವ ಧೂಳು ದುಡಿಮೆಯ ಜಾಗದಲ್ಲೇ ಇರುತ್ತದೆ ಎಂಬುದಕ್ಕೆ ಸಾಕ್ಷಿ.

ಹತ್ತಿಯೊಂದೇ ಅಲ್ಲ. ಮಾಗಿ ಕಳೆಯುತ್ತಿದ್ದಂತೆ ಕುಂದಗೋಳ, ಅಣ್ಣಿಗೇರಿ ಕಡೆ ಬ್ಯಾಡಗಿ ಮೆಣಸಿನಕಾಯಿಯನ್ನು ಬಯಲಲ್ಲಿ ಹರವಿ ಒಣಗಿಸುತ್ತಾರೆ. ತೊಟ್ಟು ಬಿಡಿಸುವ, ಕಾಯಿ ಆರಿಸುವ ಹೆಂಗಸರು ಆ ಘಾಟಿನಲ್ಲೇ ದಿನ ಕಳೆಯಬೇಕು. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ಕಡಲೆ ತಳಿ ಹೊರಟದ್ದು ಇದೇ ನೆಲದಿಂದ. ಕಡಲೆ ರಾಶಿಯ ಹೊಟ್ಟಂತೂ ಕಣ್ಣು ಮೂಗಿಗೆ ಸೂಜಿಯಂತೆ ಚುಚ್ಚುವಂಥದ್ದು. ಹಿಂದೆ ಸಗಣಿ ಬಳಿದು ಗಟ್ಟಿ ಮಾಡಿದ ಕಣದಲ್ಲಿ ರಾಶಿ ನಡೆಯುತ್ತಿತ್ತು. ತೂರುವವರು ಗಾಳಿಗೆ ಬೆನ್ನು ಕೊಟ್ಟು, ಮೂಗಿನ ಮೇಲೆ ವಸ್ತ್ರ ಸುತ್ತಿ ನಿಲ್ಲುತ್ತಿದ್ದರು. ಕಣ ಊರಾಚೆ ಇರುತ್ತಿತ್ತು. ಈಗ ಎಷ್ಟೋ ಕಡೆ ಡಾಂಬರು ರಸ್ತೆಯೇ ಕಣ. ಬಸ್ಸು ಲಾರಿಗಳ ಗಾಲಿಯೇ ರೋಣಗಲ್ಲು. ಯಂತ್ರದ ರಾಶಿ ಒಂದು ತಾಸಿನಲ್ಲಿ ಎಬ್ಬಿಸುವ ಧೂಳನ್ನು ಎತ್ತಿನ ರಾಶಿ ಒಂದು ದಿನದಲ್ಲೂ ಎಬ್ಬಿಸುತ್ತಿರಲಿಲ್ಲ. ಇದರ ಮೇಲೆ 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡು ಆಮೇಲೆ ದಕ್ಷಿಣಕ್ಕೆಲ್ಲ ಹಬ್ಬಿದ, ಹಳ್ಳಿಗರು ಕಾಂಗ್ರೆಸ್ ಕಸ ಎಂದು ಕರೆಯುವ ಪಾರ್ಥೇನಿಯಂ ಬೇರೆ. ಅದರ ಪರಾಗ ಮೈಗೆ ತುರಿಕೆಯನ್ನೂ ಮೂಗಿಗೆ ಸೀನನ್ನೂ ಕೆಲವರಿಗೆ ದಮ್ಮನ್ನೂ ತರುತ್ತದೆ. ಆದ್ದರಿಂದ ಬೇನೆ ಹೊಸದೆಂಬ ವಾದ ತಪ್ಪಾದರೂ ಅದರಲ್ಲಿ ಒಂದು ಸತ್ಯಾಂಶವಿದೆ: ಬೇನೆ ಹಳೆಯದು, ಧೂಳಿನ ಬಗೆ ಮತ್ತು ಪ್ರಮಾಣ ಹೊಸದು.

ಈಗ ಮದ್ದಿನ ಕಡೆಗೆ ಬರೋಣ. ಹೊಲದ ಬದುವಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಬೆಳೆಯುವ, ತುತ್ತೂರಿಯಂಥ ಹೂವಿನ, ಮುಳ್ಳುಕಾಯಿಯ ಮದಗುಣಕಿ ಗಿಡವನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ದತ್ತೂರಿ, ಉಮ್ಮತ್ತಿ ಎನ್ನುವುದೂ ಅದನ್ನೇ. ಅದರ ಒಣ ಎಲೆ, ಬೇರುಗಳನ್ನು ಸೇದಿ ದಮ್ಮು ಇಳಿಸಿಕೊಳ್ಳುವ ರೂಢಿ ದಕ್ಷಿಣ ಭಾರತದಲ್ಲಿ ಇದ್ದದ್ದನ್ನು ಮದರಾಸಿನ ಕಂಪನಿ ಸರ್ಕಾರದ ಮುಖ್ಯ ವೈದ್ಯ ಜೇಮ್ಸ್ ಆಂಡರ್ಸನ್ ಗಮನಿಸಿದ. ಅವನಿಂದ ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದ. ಕೆಲವೇ ವರ್ಷಗಳಲ್ಲಿ ಆ ಜಾತಿಯ ಗಿಡದ ಎಲೆ ಸೇದುವುದು ಯುರೋಪಿನ ವೈದ್ಯರ ಚೀಟಿಯಲ್ಲಿ ಸೇರಿತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಅಸ್ತಮಾ ಸಿಗರೇಟು, ಅಸ್ತಮಾ ಪುಡಿ ಎಂಬ ಹೆಸರಿನಲ್ಲಿ ಲಂಡನ್, ಪ್ಯಾರಿಸ್ಸುಗಳ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಫ್ರಾನ್ಸಿನ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ತನ್ನ ದಮ್ಮಿಗೆ ಅಂಥ ಹೊಗೆಯನ್ನೇ ನೆಚ್ಚಿಕೊಂಡಿದ್ದ. ಇದರ ಕೆಲಸ ನಂಬಿಕೆಯ ಮಾತಲ್ಲ. ಮದಗುಣಕಿಯಲ್ಲಿರುವ ಅಟ್ರೋಪಿನ್ ಮತ್ತು ಅದರ ಜಾತಿಯ ಸತ್ವಗಳು ಶ್ವಾಸನಾಳದ ಸ್ನಾಯುವನ್ನು ಬಿಗಿಯುವ ನರದ ಸಂದೇಶವನ್ನು ತಡೆಯುತ್ತವೆ. ಅದೇ ಅಟ್ರೋಪಿನ್ನಿನ ರಚನೆಯನ್ನು ತಿದ್ದಿ, ಮೈಗೆಲ್ಲ ಹರಡದಂತೆ ಮಾಡಿದ ಇಪ್ರಾಟ್ರೋಪಿಯಂ 1970ರ ದಶಕದಲ್ಲಿ ಬಳಕೆಗೆ ಬಂತು. ಇಂದು ಜೋರು ದಮ್ಮಿನ ರೋಗಿಗೆ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಮುಖವಾಡ ಹಾಕಿದಾಗ ಅದರೊಳಗಿನ ಹನಿಗಳಲ್ಲಿ ಇದೂ ಒಂದು. ತಿಪ್ಪೆಯ ಮಗ್ಗುಲಿನ ಗಿಡ ಲಂಡನ್ನಿಗೆ ಹೋಗಿ, ಪ್ರಯೋಗಾಲಯದಲ್ಲಿ ತಿದ್ದಿಸಿಕೊಂಡು, ಮುಖವಾಡದೊಳಗಿನ ಹನಿಯಾಗಿ ತವರಿಗೆ ಮರಳಿದೆ.

ಹಾಗಾದರೆ ಮದಗುಣಕಿಯನ್ನೇ ಸೇದಬಹುದಲ್ಲ, ದುಡ್ಡು ಕೊಟ್ಟು ಅದರ ಸಂತತಿಯನ್ನು ಏಕೆ ಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಸ್ಪಷ್ಟ: ಸೇದಬಾರದು. ಒಂದೊಂದು ಗಿಡದಲ್ಲಿ, ಒಂದೇ ಗಿಡದ ಎಲೆ, ಬೀಜಗಳಲ್ಲಿ, ಒಂದೊಂದು ಹಂಗಾಮಿನಲ್ಲಿ ಸತ್ವದ ಪ್ರಮಾಣ ಬೇರೆ ಬೇರೆ. ಸ್ವಲ್ಪ ಹೆಚ್ಚಾದರೂ ಬಾಯೊಣಗಿ, ಕಣ್ಣಾಲಿ ಹಿಗ್ಗಿ, ಎದೆ ಹೊಡೆದುಕೊಂಡು, ಬುದ್ಧಿಭ್ರಮೆಯಾಗುತ್ತದೆ; ಪ್ರಾಣ ಹೋದದ್ದೂ ಉಂಟು. ಹಿಂದೆ ದಾರಿಗಳ್ಳರು ಪ್ರಯಾಣಿಕರ ಊಟದಲ್ಲಿ ದತ್ತೂರಿ ಬೀಜ ಬೆರೆಸಿ ಪ್ರಜ್ಞೆ ತಪ್ಪಿಸಿ ದೋಚುತ್ತಿದ್ದದ್ದು ಬ್ರಿಟಿಷ್ ಕಾಲದ ದಾಖಲೆಗಳಲ್ಲಿದೆ. ಚರಕನ ಬತ್ತಿಯಲ್ಲೂ ಮನಃಶಿಲೆ ಎಂಬ ಪಾಷಾಣದ ಅಂಶ ಸೇರಿದೆ. ಅಷ್ಟೇ ಅಲ್ಲದೆ, ಯಾವ ಎಲೆಯ ಹೊಗೆಯಾದರೂ ಹೊಗೆಯೇ. ಈ ಗಳಿಗೆಯ ಬಿಗಿತವನ್ನು ಸಡಿಲಿಸುತ್ತಲೇ ಅದು ಒಳಗಿನ ಊತವನ್ನು ಹೆಚ್ಚಿಸುತ್ತದೆ. ಹಿರಿಯರು ಹಿಡಿದ ದಾರಿ ಸರಿಯಾಗಿತ್ತು, ವಾಹನ ಕೆಟ್ಟದ್ದಾಗಿತ್ತು. ಹೊಗೆಯಿಲ್ಲದೆ, ಅಳತೆ ತಪ್ಪದೆ ಮದ್ದನ್ನು ಎದೆಗೆ ಮುಟ್ಟಿಸುವುದು ಹೇಗೆ ಎಂಬುದಷ್ಟೇ ಉಳಿದಿದ್ದ ಪ್ರಶ್ನೆ.

ಅದಕ್ಕೆ ಉತ್ತರ ಸಿಗುವ ಮೊದಲು ಸೂಜಿಯ ಕಾಲ ಬಂತು. 20ನೇ ಶತಮಾನದ ಆರಂಭದಲ್ಲಿ ಅಡ್ರಿನಾಲಿನ್ ಚುಚ್ಚುಮದ್ದು, ಆಮೇಲೆ ಎಫೆಡ್ರಿನ್ ಗುಳಿಗೆ, ಅಮಿನೋಫಿಲಿನ್ ಸೂಜಿ, ಶತಮಾನದ ನಡುವಿಗೆ ಸ್ಟಿರಾಯ್ಡ್. ಇದೇ ಅವಧಿಯಲ್ಲಿ ಈ ಭಾಗಕ್ಕೆ ಹೊಸ ವೈದ್ಯ ಪದ್ಧತಿ ಕಾಲಿಟ್ಟಿತು. ಗದಗ-ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ತೆರೆದ, ಜನ ಜರ್ಮನ್ ದವಾಖಾನೆ ಎಂದೇ ಕರೆದ ಆಸ್ಪತ್ರೆ, ಮಿರಜದ ಮಿಷನ್ ಆಸ್ಪತ್ರೆ, 1957ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಇವೆಲ್ಲ ಹಳ್ಳಿಗರಿಗೆ ದೊಡ್ಡ ಆಸರೆಯಾದವು. ಸಾಯುತ್ತೇನೆಂದುಕೊಂಡವನು ಒಂದು ಸೂಜಿಯಿಂದ ಎದ್ದು ಕೂತದ್ದನ್ನು ಕಣ್ಣಾರೆ ಕಂಡ ಊರು ಸೂಜಿಯನ್ನು ನಂಬದೆ ಇನ್ನೇನು ಮಾಡೀತು? ಆ ನಂಬಿಕೆಗೆ ತಕ್ಕ ಕಾರಣವಿತ್ತು. ಆದರೆ ಜಗತ್ತು ಅಲ್ಲಿಗೇ ನಿಲ್ಲಲಿಲ್ಲ. 1956ರಲ್ಲಿ ಅಮೆರಿಕದ ರೈಕರ್ ಪ್ರಯೋಗಾಲಯ ಒತ್ತಿದಷ್ಟಕ್ಕೆ ಅಳತೆಯ ಮದ್ದು ಚಿಮ್ಮಿಸುವ ಇನ್ಹೇಲರ್ ತಂದಿತು. 1969ರಲ್ಲಿ ಬಿಗಿತ ಸಡಿಲಿಸುವ ಸಾಲ್ಬುಟಮಾಲ್, 1972ರಲ್ಲಿ ಊತ ಇಳಿಸುವ ಸ್ಟಿರಾಯ್ಡ್ ಬೆಕ್ಲೋಮೆಥಾಸೋನ್ ಇನ್ಹೇಲರ್ ರೂಪದಲ್ಲಿ ಬಂದವು. 1976ರಲ್ಲಿ ಸಿಪ್ಲಾ ಸಂಸ್ಥೆ ಭಾರತದಲ್ಲೇ ಇನ್ಹೇಲರ್ ತಯಾರಿಸತೊಡಗಿತು. ಅಂದರೆ ಸೂಜಿ ಗುಳಿಗೆಗಳೇ ಗತಿಯಾಗಿದ್ದ ಕಾಲ ಮುಕ್ಕಾಲು ಶತಮಾನಕ್ಕಿಂತ ಹೆಚ್ಚೇನಲ್ಲ. ಅದರ ಹಿಂದೆಯೂ ಉಸಿರಿನ ಮದ್ದೇ ಇತ್ತು, ಮುಂದೆಯೂ ಅದೇ ಬಂದಿದೆ.

ಇನ್ಹೇಲರ್ ಕಡೆಯ ಮದ್ದು, ಬಲು ಜೋರಿನದು ಎಂಬ ಭಯಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಸಾಲ್ಬುಟಮಾಲ್ ಇನ್ಹೇಲರಿನ ಒಂದು ಒತ್ತಿನಲ್ಲಿ ಇರುವುದು 100 ಮೈಕ್ರೋಗ್ರಾಂ. ಅದೇ ಮದ್ದಿನ 4 ಮಿಲಿಗ್ರಾಂ ಗುಳಿಗೆಯಲ್ಲಿ ಅದರ 40 ಪಟ್ಟು ಇದೆ. ಗುಳಿಗೆ ಹೊಟ್ಟೆಗಿಳಿದು, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ತಲುಪುವಷ್ಟರಲ್ಲಿ ಕೈ ನಡುಗಿಸಿ, ಎದೆ ಬಡಿತ ಏರಿಸಿರುತ್ತದೆ. ಸ್ಟಿರಾಯ್ಡಿನ ವಿಷಯದಲ್ಲಿ ಈ ಅಂತರ ಇನ್ನೂ ಗಂಭೀರ. ಇನ್ಹೇಲರಿನಲ್ಲಿ ಅದು ಮೈಕ್ರೋಗ್ರಾಂ ಲೆಕ್ಕ. ಗುಳಿಗೆ, ಸೂಜಿಯಲ್ಲಿ ಮಿಲಿಗ್ರಾಂ ಲೆಕ್ಕ. ವರ್ಷಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗಿದವರಿಗೆ ಎಲುಬು ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಕಣ್ಣಿಗೆ ಪೊರೆ ಕಟ್ಟುತ್ತದೆ, ಮುಖ ಉಬ್ಬುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ದಮ್ಮಿನ ಪುಡಿಗಳಲ್ಲಿ ಇದೇ ಸ್ಟಿರಾಯ್ಡ್ ಬೆರೆತದ್ದು ದೇಶದ ಹಲವೆಡೆ ಪರೀಕ್ಷೆಯಲ್ಲಿ ಪತ್ತೆಯಾಗಿದೆ. ಚಟದ ಮಾತಿಗೂ ಇದೇ ಬಗೆಯ ಉತ್ತರವಿದೆ. ದಿನಾಲೂ ಬೇಕಾಗುವುದು ಮದ್ದಿನ ಚಟದಿಂದಲ್ಲ, ಬೇನೆ ಯಾಪ್ಯವಾದ್ದರಿಂದ. ಬಿ.ಪಿ.ಯ ಗುಳಿಗೆಯನ್ನು ದಿನವೂ ನುಂಗುವವರನ್ನು ಯಾರೂ ಚಟಗಾರರೆಂದು ಕರೆಯುವುದಿಲ್ಲ. ನಿಜವಾಗಿ ಅಪಾಯ ಇರುವುದು ಬಿಗಿತ ಸಡಿಲಿಸುವ ಇನ್ಹೇಲರ್ ಒಂದನ್ನೇ ನೆಚ್ಚಿ, ಊತ ಇಳಿಸುವುದನ್ನು ಬಿಡುವುದರಲ್ಲಿ. ಅದಕ್ಕಾಗಿಯೇ ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ 2019ರಿಂದ ಬರೀ ಸಡಿಲಿಸುವ ಮದ್ದನ್ನಷ್ಟೇ ಕೊಡಬಾರದು ಎಂದು ಹೇಳುತ್ತ ಬಂದಿದೆ.

ಇನ್ನೊಂದು ಆಕ್ಷೇಪ ಜೂನ್ ತಿಂಗಳ ಮೀನಿನ ಮದ್ದಿನದು. ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ. 1845ರ ಸುಮಾರಿನಿಂದ ನಡೆದುಬಂದಿದೆ ಎಂದು ಆ ಮನೆತನ ಹೇಳುತ್ತದೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುವುದುಂಟು. ಅದೇ ದಿನ ಕೊಪ್ಪಳದ ಕಡೆಯೂ ದಮ್ಮಿಗೆ ಮದ್ದು ಹಂಚುವ ಹಳ್ಳಿಯಿದೆ. ಹಣ ಕೇಳದೆ ಕೊಡುವ ಆ ಮನಸ್ಸಿಗೆ ಗೌರವ ಸಲ್ಲಬೇಕು. ಸಾವಿರಾರು ಮಂದಿಗೆ ಗುಣ ಕಂಡಿದೆಯಲ್ಲ ಎಂದರೆ, ದಮ್ಮು ತಾನಾಗಿ ಏರಿಳಿಯುವ ಬೇನೆ ಎಂಬುದನ್ನು ಮರೆಯಬಾರದು. ಸುಗ್ಗಿಯ ಧೂಳಿನಲ್ಲಿ ನರಳಿದವನಿಗೆ ಮಳೆ ಬಿದ್ದು ಧೂಳಡಗಿದ ಮೇಲೆ ಹಗುರಾಗುವುದು ಸಹಜ. ಮಕ್ಕಳ ದಮ್ಮು ಬೆಳೆಯುತ್ತ ಬೆಳೆಯುತ್ತ ಎಷ್ಟೋ ವೇಳೆ ಕಡಿಮೆಯಾಗುತ್ತದೆ. ಮದ್ದು ತಿಂದ ಮೇಲೆ 45 ದಿನ ಪಥ್ಯವೂ ಇರುತ್ತದೆ. ಈ ಎಲ್ಲವನ್ನು ಬೇರ್ಪಡಿಸಿ, ಮದ್ದಿನದೇ ಗುಣ ಎಂದು ತೋರಿಸಿಕೊಟ್ಟ ಪರೀಕ್ಷೆ ನಡೆದಿಲ್ಲ. ನಂಬಿ ಹೋಗುವವರು ಹೋಗಲಿ. ಆದರೆ ಅದರ ನೆಪದಲ್ಲಿ ಇನ್ಹೇಲರ್ ನಿಲ್ಲಿಸಬಾರದು. ನಿಲ್ಲಿಸಿದಾಗಲೇ ಜೀವಕ್ಕೆ ಸಂಚಕಾರ.

ಧೂಳು ಬಿಟ್ಟು ರೈತ ಬದುಕುವುದೆಂತು ಎಂಬ ಮಾತು ಎಲ್ಲ ಆಕ್ಷೇಪಗಳಿಗಿಂತ ಗಟ್ಟಿಯಾದದ್ದು. ಬದುಕಲಾಗದು. ಆದ್ದರಿಂದಲೇ ಮುನ್ನೆಚ್ಚರಿಕೆಯ ಮದ್ದು ಪೇಟೆಯವರಿಗಿಂತ ಹಳ್ಳಿಯವರಿಗೆ ಹೆಚ್ಚು ಬೇಕು. ಊತ ಇಳಿಸುವ ಇನ್ಹೇಲರನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೆ ಸುಗ್ಗಿಯ ಧೂಳನ್ನು ಎದೆ ತಾಳಿಕೊಳ್ಳುತ್ತದೆ. ಗಾಳಿಗೆ ಬೆನ್ನು ಕೊಟ್ಟು ತೂರುವ, ಮೂಗಿಗೆ ವಸ್ತ್ರ ಕಟ್ಟುವ ಹಳೆಯ ರೂಢಿಯನ್ನು ಯಂತ್ರದ ರಾಶಿಯಲ್ಲೂ ಬಿಡಬಾರದು. ಒಲೆಯ ಹೊಗೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ 1980ರ ದಶಕದಲ್ಲೇ ಅಸ್ತ್ರ ಒಲೆ ರೂಪಿಸಿತ್ತು. 2016ರಿಂದ ಉಜ್ವಲಾ ಯೋಜನೆಯಲ್ಲಿ ಅಡುಗೆ ಗ್ಯಾಸ್ ಬಂದಿದೆ. ಸಿಲಿಂಡರ್ ಇದ್ದರೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಕುಳ್ಳಿನ ಒಲೆಯೇ ಉರಿಯುತ್ತಿದ್ದರೆ ದಮ್ಮಿನವರನ್ನಾದರೂ ಅದರ ಮುಂದೆ ಕೂರಿಸಬಾರದು. ಇನ್ಹೇಲರ್ ಸೇದುವ ಕ್ರಮವನ್ನೂ ಕಲಿಯಬೇಕು: ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಹಿಡಿದು, ಒತ್ತುವ ಬಗೆಯದಾದರೆ ನಿಧಾನವಾಗಿ, ಕ್ಯಾಪ್ಸೂಲ್ ಹಾಕಿ ಎಳೆಯುವ ಬಗೆಯದಾದರೆ ಜೋರಾಗಿ ಒಳಗೆಳೆದು, 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟಿರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಮಕ್ಕಳು, ಮುದುಕರು ಸ್ಪೇಸರ್ ಎಂಬ ನಳಿಕೆಯ ಮೂಲಕ ಎಳೆದುಕೊಂಡರೆ ಮದ್ದು ಚೆನ್ನಾಗಿ ಮುಟ್ಟುತ್ತದೆ. ಅದಕ್ಕೆ ದುಡ್ಡಿಲ್ಲದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದಲ್ಲಿ ಇನ್ಹೇಲರ್ ಬಿಗಿಯಾಗಿ ಕೂರುವಷ್ಟು ತೂತು ಮಾಡಿಕೊಂಡರೂ ಸಾಕು. ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳ ಮೇಲೆ ಪರೀಕ್ಷಿಸಿ 1999ರಲ್ಲಿ ಇದನ್ನು ತೋರಿಸಿದ್ದಾರೆ.

ದಮ್ಮು ಹತ್ತಿದ ಗಳಿಗೆಯಲ್ಲಿ ಮಾಡಬೇಕಾದದ್ದೂ ಇಷ್ಟೇ ಸರಳ. ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ಉಡಿದಾರ, ಕುಪ್ಪಸ, ಬಿಗಿಯಾದ ಬಟ್ಟೆ ಸಡಿಲಿಸಬೇಕು. ಹೊಗೆ, ಧೂಳು, ಊದಿನಕಡ್ಡಿಯಿಂದ ದೂರ ಒಯ್ಯಬೇಕು. ತುಟಿಯನ್ನು ಸಿಳ್ಳೆ ಹಾಕುವಂತೆ ಮುಂದೆ ಮಾಡಿ ಉಸಿರನ್ನು ನಿಧಾನವಾಗಿ ಹೊರಗೆ ಬಿಡುವಂತೆ ಹೇಳಬೇಕು. ಸಿಕ್ಕಿಬಿದ್ದ ಗಾಳಿಗೆ ಅದರಿಂದ ದಾರಿಯಾಗುತ್ತದೆ. ಬಿಗಿತ ಸಡಿಲಿಸುವ ಇನ್ಹೇಲರನ್ನು ಸ್ಪೇಸರಿಗೆ ಒಂದು ಸಲ ಒತ್ತಿ 4 ಉಸಿರು, ಹೀಗೆ 4 ಸಲ ಕೊಟ್ಟು, 4 ನಿಮಿಷ ಕಾದು, ಕಡಿಮೆಯಾಗದಿದ್ದರೆ ಇನ್ನೊಮ್ಮೆ ಹಾಗೆಯೇ ಕೊಡಬೇಕು. ಆಗಲೂ ಇಳಿಯದಿದ್ದರೆ, ಮಾತು ಹೊರಡದಿದ್ದರೆ, ತುಟಿ ಉಗುರು ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಅಂಬ್ಯುಲೆನ್ಸ್ ಬರುವವರೆಗೂ ಇನ್ಹೇಲರ್ ಕೊಡುತ್ತಲೇ ಇರಬೇಕು. ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿ ಮಂಕಾದರೆ ಗುಣವಾಯಿತೆಂದು ತಿಳಿಯಬಾರದು. ಗಾಳಿಯ ಓಡಾಟವೇ ನಿಂತಿದೆ ಎಂದು ತಿಳಿಯಬೇಕು. ಕಷಾಯ, ಬಿಸಿನೀರು ಗಂಟಲಿಗೆ ಹಿತ ಕೊಡುತ್ತವೆ, ಆದರೆ ಈ ಹೊತ್ತಿನಲ್ಲಿ ಅವು ಮದ್ದಿನ ಜಾಗ ತುಂಬಲಾರವು.

2019ರ ಜಾಗತಿಕ ರೋಗಭಾರದ ಅಂದಾಜಿನಂತೆ ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಎಂಟಕ್ಕೆ ಒಬ್ಬರು ಭಾರತದವರು. ಅಸ್ತಮಾದಿಂದ ಸಾಯುವವರಲ್ಲಿ ಮಾತ್ರ ಹತ್ತಕ್ಕೆ ನಾಲ್ವರು ಭಾರತದವರು. ಬೇನೆಯ ಪಾಲಿಗಿಂತ ಸಾವಿನ ಪಾಲು ಇಷ್ಟು ದೊಡ್ಡದಾಗಿರುವುದಕ್ಕೆ ನಮ್ಮ ಗಾಳಿಯನ್ನಷ್ಟೇ ದೂರಿ ಪ್ರಯೋಜನವಿಲ್ಲ. ಮದ್ದು ತಲುಪದಿರುವುದೂ, ತಲುಪಿದರೂ ಜನ ಹಿಂಜರಿಯುವುದೂ ಕಾರಣ. ಹಿಂಜರಿಕೆಯನ್ನು ಚರಿತ್ರೆ ಹೋಗಲಾಡಿಸಬಲ್ಲದು, ಕೊರತೆಯನ್ನು ಸರ್ಕಾರವೇ ನೀಗಬೇಕು. ಬಿಗಿತ ಸಡಿಲಿಸುವ ಸಾಲ್ಬುಟಮಾಲ್, ಊತ ಇಳಿಸುವ ಬುಡೆಸೊನೈಡ್ ಎರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅಸ್ತಮಾವೂ ಸೇರಿದೆ. ಬಿ.ಪಿ., ಸಕ್ಕರೆಯ ಗುಳಿಗೆಗಳಂತೆ ಊತ ಇಳಿಸುವ ಇನ್ಹೇಲರ್ ಕೂಡ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ, ಪುಕ್ಕಟೆಯಾಗಿ ಸಿಗಬೇಕು. ಸುಗ್ಗಿ ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಯರು ದಮ್ಮಿನವರ ಮನೆಗೆ ಹೋಗಿ ಸೇದುವ ಕ್ರಮ ಕಲಿಸಬೇಕು. ಪ್ರತಿ ಶಾಲೆಯ ಬೀರುವಿನಲ್ಲಿ ಒಂದು ಇನ್ಹೇಲರ್, ಒಂದು ಸ್ಪೇಸರ್ ಇರಬೇಕು. ಮನೆಯಲ್ಲಿ ದಮ್ಮಿನವರಿರುವ ಓದುಗರು ನಾಳೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಸೂಜಿಯ ಬದಲು ಉಸಿರಿನ ದಾರಿಯ ಮದ್ದನ್ನು ಕೇಳಿ; ಇಲ್ಲವೆಂದರೆ, ಏಕಿಲ್ಲ ಎಂದು ಕೇಳಿ.